ಮಿಲ್ಲಿನ ಮುಂದೆ ಬಡಿದ ಹಲಗೆ

ಭತ್ತ ಬೇಯುವ ವಾಸನೆಯನ್ನು ಹಿತವಾದದ್ದು ಎನ್ನುವವರು ಭಾಳ ಮಂದಿ ಇದ್ದಾರೆ. ನನ್ನ ಮೂಗಿಗೆ ಅದು ಒದ್ದೆ ಗೋಣಿಚೀಲದ ನಾತ. ಕಳೆದ ತಿಂಗಳು ಎಮ್ಮಿಗನೂರಿನಲ್ಲಿ ಒಂದು ಮದುವೆಗೆಂದು ಹೊಸಪೇಟೆಯಲ್ಲಿ ಬಸ್ಸು ಹತ್ತಿದ್ದೆ. ಕಂಪ್ಲಿ ಹತ್ತಿರವಾಗುತ್ತಿದ್ದಂತೆ ಕಿಟಕಿಯಿಂದ ಆ ನಾತ ಒಳಗೆ ನುಗ್ಗಿತು. ಪಕ್ಕದ ಹೆಂಗಸು "ಹೊಸ ಭತ್ತ ಬೇಯಕ್ಕತ್ತೈತಿ" ಎಂದು ಸುಖವಾಗಿ ಉಸಿರೆಳೆದುಕೊಂಡಳು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಪ್ರಯೋಜನವಾಗಲಿಲ್ಲ. ನಾನು ಮರೆತಿದ್ದೇನೆ ಎಂದುಕೊಂಡಿದ್ದ ಒಂದು ವರ್ಷ ಇಡಿಯಾಗಿ ಬಸ್ಸು ಹತ್ತಿ ಬಂದು ನನ್ನ ತೊಡೆಯ ಮೇಲೆ ಕುಳಿತುಬಿಟ್ಟಿತು.

ಅದು ಕೊರೋನಾ ಮುಗಿದು ಶಾಲೆಗಳು ಪೂರ್ತಿ ತೆರೆದ ವರ್ಷ. ನಾನು ಕಂಪ್ಲಿಯ ಒಂದು ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ದಿನಾ ಹೊಸಪೇಟೆಯಿಂದ ಬಸ್ಸಿನಲ್ಲಿ ಬಂದು ಹೋಗುವುದು. ಕಾಲುವೆಗೆ ನೀರು ಬಿಟ್ಟರೆ ದಾರಿಯುದ್ದಕ್ಕೂ ಹಸಿರು, ಬಿಡದಿದ್ದರೆ ದಾರಿಯುದ್ದಕ್ಕೂ ಧೂಳು. ಆ ವರ್ಷ ಮಳೆ ಬೇಗ ಹಿಡಿಯಿತು. ಜೂನಿನಲ್ಲೇ ತರಗತಿಯ ತಗಡಿನ ಮೇಲೆ ಮಳೆ ಬಡಿದರೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಸುಮ್ಮನೆ ಕುಳಿತು ಮಕ್ಕಳ ಮುಖ ನೋಡುತ್ತಿದ್ದೆ.

ಈ ಕಡೆಯ ಮಕ್ಕಳಿಗೆ ಇತಿಹಾಸ ಎಂದರೆ ಹಂಪಿ. ಇತಿಹಾಸ ಎಂದರೆ ಕಲ್ಲು, ಕಂಬ, ಒಡೆದ ಮೂಗು, ಟಿಕೆಟ್ಟು, ಬಾಳೆಹಣ್ಣು ಕಸಿಯುವ ಮಂಗ. ಮನುಷ್ಯರಿಗೆ ಇತಿಹಾಸ ಇರಬಹುದು ಎಂಬ ಗುಮಾನಿಯೂ ಅವರಿಗಿರಲಿಲ್ಲ. ದಬ್ಬಾಳಿಕೆಯ ವಿರುದ್ಧ ಜನ ಎದ್ದು ನಿಂತ ಪಾಠ ಮಾಡುತ್ತಿದ್ದೆ. ಪುಸ್ತಕದಲ್ಲಿ ಎಲ್ಲೆಲ್ಲಿಯದೋ ಊರು, ಯಾರ್‍ಯಾರದೋ ಹೆಸರು. ಮೂರನೇ ಬೆಂಚಿನಿಂದ ಹುಲಿಗೆಮ್ಮ ಎದ್ದು ನಿಂತಳು. ಎಲ್ಲರೂ ಅವಳನ್ನು ಹುಲಿಗಿ ಎನ್ನುತ್ತಿದ್ದರು. ಅವಳ ಬಾಯಿಗೆ ಬಾಗಿಲಿರಲಿಲ್ಲ.

"ಟೀಚರ್, ನಮ್ಮೂರಾಗ ಯಾರೂ ಎದುರಿಗೆ ನಿಂತೇ ಇಲ್ಲೇನ್ರಿ? ಬರೀ ಬಗ್ಗಿದವ್ರೇ ಅದಾರೇನು?"

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ನಿಮ್ಮ ನಿಮ್ಮ ಓಣಿಯ ಹಿರಿಯರನ್ನು ಕೇಳಿಕೊಂಡು ಬನ್ನಿ, ಯಾರು ಯಾರಿಗೆ ಒಲ್ಲೆ ಅಂದರು, ಆಮೇಲೆ ಏನಾಯಿತು, ತಿಳಿದು ಬಂದು ಹೇಳಿ ಎಂದೆ. ಒಬ್ಬ ಕೋಟೆಯೊಳಗಿನ ದೆವ್ವದ ಕಥೆ ತಂದ. ಇನ್ನೊಬ್ಬಳು ತನ್ನಜ್ಜಿ ಅತ್ತೆಗೆ ಎದುರು ಮಾತಾಡಿದ್ದನ್ನು ತಂದಳು, ಅದೂ ಹೋರಾಟವೇ ಎಂದು ಒಪ್ಪಿಕೊಂಡೆ. ಹುಲಿಗಿ ಮಾತ್ರ ಕಥೆ ತರಲಿಲ್ಲ, ತನ್ನ ತಾತನನ್ನೇ ಕೈಹಿಡಿದು ಕರೆತಂದಳು.

ದುರುಗಪ್ಪ ತಾತ ಎತ್ತರದ ಆಳು. ಬೆನ್ನು ಮಾತ್ರ ಬಾಗಿತ್ತು. ಕುರ್ಚಿ ಕೊಟ್ಟರೆ ಕೂರಲಿಲ್ಲ. "ನೀವು ನಿಂತೀರಿ, ನಾ ಹೆಂಗ ಕುಂದರ್ಲಿ" ಎಂದ. ನಾನು ಕುಳಿತ ಮೇಲೆ ಅವನೂ ಕುಳಿತ. ಹುಲಿಗಿ ಅವನ ಹೆಗಲಿಗೆ ಒರಗಿ ನಿಂತಳು. ಅಪ್ಪ ಇಲ್ಲದ ಹುಡುಗಿ ಅದು. ಅವ್ವ ಗಂಗಮ್ಮ ಮಿಲ್ಲಿನ ಕೆಲಸಕ್ಕೆ ಹೋದರೆ ಇವಳನ್ನು ಉಣ್ಣಿಸಿ, ಜಡೆ ಹಾಕಿ, ಶಾಲೆಗೆ ಬಿಡುತ್ತಿದ್ದವನು ಇವನೇ. ಸಂಜೆ ಅವನಿಗೆ ಚಹಾ ಹುಲಿಗಿಯ ಕೈಯಿಂದಲೇ ಆಗಬೇಕು. ಬೇರೆ ಯಾರು ಕೊಟ್ಟರೂ ಸಕ್ಕರೆ ಸಾಲದು ಎನ್ನುತ್ತಿದ್ದನಂತೆ.

ಅವನು ಹೇಳಿದ್ದು ಹೀಗೆ. ಅವನ ಪ್ರಾಯದ ಕಾಲದಲ್ಲಿ ಊರಿನ ದೊಡ್ಡ ಮನೆಗಳಲ್ಲಿ ಯಾರು ಸತ್ತರೂ ಹಲಗೆ, ಅಂದರೆ ಚರ್ಮದ ತಮಟೆ, ಬಡಿಯುವುದು ಅವರ ಕೇರಿಯ ಕೆಲಸ. ಮನೆಯಿಂದ ಸುಡುಗಾಡಿನವರೆಗೆ ಬಿಡದೆ ಬಡಿಯಬೇಕು. ಕೂಲಿ ಕೇಳುವಂತಿಲ್ಲ, ಉಳಿದ ಅನ್ನ ಕೊಟ್ಟರೆ ಸೆರಗೊಡ್ಡಿ ಒಯ್ಯಬೇಕು. ಒಂದು ಮಳೆಗಾಲ ದುರುಗಪ್ಪನ ಚೊಚ್ಚಲ ಮಗು ಜ್ವರ ಬಂದು ತೀರಿಕೊಂಡಿತು. ಅದೇ ದಿನ ಮಿಲ್ಲಿನ ಸಾಹುಕಾರರ ತಾಯಿಯೂ ತೀರಿಕೊಂಡಳು. ಆಳು ಬಂದು ಕೇರಿಯ ಬಾಗಿಲಲ್ಲಿ ನಿಂತ.

"ಮನ್ಯಾಗ ಕೂಸಿನ ಹೆಣ ಐತಿ ಅಂದೆ" ತಾತ ಹೇಳಿದ. "'ನಿಂದು ನಾಳಿ ಹೂಳಾಕ ಬರ್ತತಿ. ಸಣ್ಣದು, ಏನ್ ಕೆಡ್ತತಿ. ಮೊದಲು ದೊಡ್ಡಮ್ಮಾರದ್ದು ಮುಗಸು' ಅಂದ. ನಾನು ಹಲಗಿ ತಗಂಡು ಹೊರಗ ಬಂದೆ. ಅವನು ನಾ ಬಡ್ಯಾಕ ಬಂದೆ ಅಂದ್ಕಂಡ. ನಾನು ಸೀದಾ ಹೊಳಿಗೆ ಹೋಗಿ ಒಗದೆ."

ಕೇರಿಯ ಉಳಿದವರೂ ಒಗೆದರು. ಆ ದಿನದಿಂದ ಹಲಗೆ ಮುಟ್ಟುವುದಿಲ್ಲ ಎಂದು ಆಣೆ ಮಾಡಿದರು. ತಮ್ಮವರು ಸತ್ತರೂ ಭಜನೆಯೇ ಹೊರತು ಹಲಗೆ ಇಲ್ಲ. ಸಾಹುಕಾರರ ತಾಯಿಯ ಹೆಣ ಸದ್ದಿಲ್ಲದೆ ಹೋಯಿತು. ಊರಿಗೆ ಅದಕ್ಕಿಂತ ದೊಡ್ಡ ಅವಮಾನ ಬೇಕೇ. ಹಿರಿಯರು ಕೂಡಿ ಕೇರಿಗೆ ಬಹಿಷ್ಕಾರ ಹಾಕಿದರು. ಕೆಲಸವಿಲ್ಲ, ಅಂಗಡಿಯಲ್ಲಿ ಉಪ್ಪಿಲ್ಲ, ಬಾವಿಯಲ್ಲಿ ನೀರಿಲ್ಲ. ಇದನ್ನು ಊರಿಗೆಲ್ಲ ಡಂಗುರ ಹೊಡೆಸಬೇಕು. ಡಂಗುರ ಹೊಡೆಯುವವರು ಯಾರು? ಹಲಗೆ ಮುಟ್ಟುವವರು ಆ ಕೇರಿಯವರೇ.

ಮಕ್ಕಳಿಗೆ ಇಲ್ಲಿ ನಗು ತಡೆಯಲಾಗಲಿಲ್ಲ. ತಾತನೂ ನಕ್ಕ. ಸಿಟ್ಟಿನ ಭರದಲ್ಲಿ ಸಾಹುಕಾರರೇ ಎಲ್ಲಿಂದಲೋ ಒಂದು ಹಲಗೆ ತರಿಸಿ, ಕೊರಳಿಗೆ ಹಾಕಿಕೊಂಡು ಬೀದಿಯಲ್ಲಿ ಬಡಿದುಬಿಟ್ಟರಂತೆ. ಸತ್ತ ದನದ ಚರ್ಮ ಮೈಗೆ ತಾಗಿತೆಂದು ಅವರ ಕುಲದವರೇ ಅವರನ್ನು ಹೊಳೆಗೆ ಒಯ್ದು ಮುಳುಗಿಸಿ, ಗೋಮೂತ್ರ ಕುಡಿಸಿ ಮನೆಗೆ ಬಿಟ್ಟರಂತೆ. ಅಂದಿನಿಂದ ಆ ಮನೆತನಕ್ಕೆ 'ಹಲಗಿ ಸಾಹುಕಾರ್ರು' ಎಂಬ ಹೆಸರು ಅಂಟಿಕೊಂಡಿತು. ಎದುರಿಗೆ ಯಾರೂ ಅನ್ನುವುದಿಲ್ಲ, ಬೆನ್ನ ಹಿಂದೆ ಅನ್ನದವರಿಲ್ಲ.

ಆಮೇಲಿನದು ನಗುವ ಕಥೆಯಲ್ಲ. ಕೇರಿಯವರು ಹರಗೋಲಿನಲ್ಲಿ ಹೊಳೆ ದಾಟಿ ಆಚೆ ದಂಡೆಯಲ್ಲಿ ಕೂಲಿ ಹುಡುಕಿದರು. ತುಂಬಿದ ಹೊಳೆ. ಹಸಿದ ಮುದುಕರು ಕೆಲವರು ಆ ಮಳೆಗಾಲ ದಾಟಲಿಲ್ಲ. ಆದರೆ ನಾಟಿಯ ಹೊತ್ತು ಬಂತು. ಮಡಿಯಲ್ಲಿ ಸಸಿ ಮೊಣಕಾಲೆತ್ತರ ಬೆಳೆದು ಹಳದಿಗೆ ತಿರುಗಿತು. ಕಿತ್ತು ನೆಡುವ ಕೈ ಒಂದೂ ಇಲ್ಲ. ಕೊನೆಗೆ ಹಿರಿಯರೇ ಕೇರಿಗೆ ಬಂದು "ಬರ್ರಿ, ಆದದ್ದು ಆಗಿಹೋತು" ಎಂದರು. ಹಲಗೆಯ ಮಾತು ಎತ್ತಲಿಲ್ಲ.

ಪಾಠದ ಕೊನೆಗೆ "ಗೆದ್ದವರು ಯಾರು?" ಎಂದು ಕೇಳುವುದು ನನ್ನ ಚಾಳಿ. ಅಂದೂ ಕೇಳಿದೆ. ಇಡೀ ತರಗತಿ "ದುರುಗಪ್ಪ ತಾತ" ಎಂದು ಕೂಗಿತು. ಹುಲಿಗಿಯ ಮುಖ ನೋಡಬೇಕಿತ್ತು ನೀವು. ಮದುವಣಗಿತ್ತಿಗೂ ಅಷ್ಟು ಕಳೆ ಬರುವುದಿಲ್ಲ. ನನಗೂ ಅದು ಪರರ ಕಥೆಯಾಗಿರಲಿಲ್ಲ. ನಮ್ಮ ಮುತ್ತಜ್ಜ ಬಂಡ್ರಿಯಲ್ಲಿ ಹಲಗೆ ಬಡಿದವನೇ. ಅಜ್ಜ ಅದನ್ನು ಬಿಟ್ಟು ಹೊಸಪೇಟೆಗೆ ಬಂದ, ಅಪ್ಪ ಗುಮಾಸ್ತನಾದ, ಗೋಡೆಗೆ ಬುದ್ಧನ ಪಟ ಬಂತು. ಹಲಗೆ ಎಂಬ ಪದವನ್ನೇ ನಮ್ಮ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಹಾಗಾಗಿ ಅದರ ಸದ್ದಿನ ಬಗ್ಗೆ ನನಗೆ ಏನೇನೂ ಗೊತ್ತಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ.

ನವೆಂಬರಿನಲ್ಲಿ ರಾಜ್ಯೋತ್ಸವ. ಊರಿನ ಇತಿಹಾಸದ ಮೇಲೆ ಮಕ್ಕಳು ಮಾತಾಡಬೇಕೆಂದು ಹೆಡ್ ಮಾಸ್ತರರೇ ಹೇಳಿದರು. ಹುಲಿಗಿ ತಾತನ ಕಥೆ ಹೇಳಿದಳು. ವೇದಿಕೆಯ ಮೇಲೆ ಶಾಲಾ ಸಮಿತಿಯ ಅಧ್ಯಕ್ಷರು ಕುಳಿತಿದ್ದರು. ಮಿಲ್ಲಿನ ಬಸಣ್ಣ ಸಾಹುಕಾರರು, ಹಲಗೆ ಬಡಿದ ಆ ಸಾಹುಕಾರರ ಮೊಮ್ಮಗ. ಹುಲಿಗಿ ಯಾವ ಮನೆತನವೆಂದು ಹೆಸರು ಹೇಳಲಿಲ್ಲ. ಡಂಗುರದ ಮಾತು ಬಂದಾಗ ಹಿಂದಿನ ಸಾಲಿನ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು.

ಬಸಣ್ಣ ಸಾಹುಕಾರರು ದನಿ ಎತ್ತರಿಸುವವರಲ್ಲ. ನಗುನಗುತ್ತಲೇ ಕತ್ತು ಕೊಯ್ಯುವ ಪೈಕಿ. ಮೈಕು ಹಿಡಿದು "ಹುಡುಗಿ ಭಾಳ ಚಲೋ ಹೇಳಿದ್ಲು. ನಾಲಿಗಿ ಚುರುಕೈತಿ" ಎಂದರು. ಚಪ್ಪಾಳೆ ಬಿತ್ತು. "ಹಲಗಿ ಅಂದ್ರ ಈಗ ಕೀಳಲ್ಲ, ಅದು ನಮ್ಮ ಜನಪದ ಕಲೆ. ಕತಿ ಕೇಳಿದ್ವಿ, ಇನ್ನ ಕಲೆ ನೋಡೂಣು. ಹೆಡ್ ಮಾಸ್ತರ, ಸಾಲ್ಯಾಗ ಹಲಗಿ ಐತಲ್ಲ, ತರಸ್ರಿ. ನಮ್ಮ ಹುಡುಗಿ ಒಂದೆರಡು ಪೆಟ್ಟು ಬಡೀತಾಳ. ರಕ್ತದಾಗ ಬಂದದ್ದು, ಕಲಿಸೋದೇನು ಬ್ಯಾಡ."

ಹೆಡ್ ಮಾಸ್ತರರು ತರಿಸಿದರು. ಅವರ ಕೈ ಅಷ್ಟು ಬೇಗ ಓಡಿದ್ದನ್ನು ನಾನು ಸಂಬಳದ ಬಿಲ್ಲಿನ ದಿನವೂ ಕಂಡಿರಲಿಲ್ಲ. ನಾನು ಎದ್ದು "ಕಾರ್ಯಕ್ರಮದ ಪಟ್ಟಿಯಲ್ಲಿ ಇದು ಇಲ್ಲ ಸರ್" ಎಂದೆ. "ಕುಂದ್ರಿ ಮೇಡಂ, ಮಕ್ಕಳ ಖುಷಿ" ಎಂದು ಸಾಹುಕಾರರು ನನ್ನ ಕಡೆಗೂ ನಕ್ಕರು. ಹಲಗೆಯನ್ನು ಹುಲಿಗಿಯ ಕಾಲ ಬಳಿ ಇಟ್ಟರು. ಇಡೀ ಶಾಲೆ ನೋಡುತ್ತಿತ್ತು.

ಹುಲಿಗಿ ಅದನ್ನು ಮುಟ್ಟಲಿಲ್ಲ. "ನಮ್ ತಾತ ಹೊಳಿಗೆ ಒಗದದ್ದು ನಾ ಯಾಕ ಹಿಡೀಲ್ರಿ?" ಎಂದಳು. ಆಮೇಲೆ "ನೀವು ಬಡೀರಿ ಸಾಹುಕಾರ್ರ. ನಿಮ್ಮ ಮನ್ಯಾಗೂ ಬಡದವ್ರು ಅದಾರ" ಎಂದಳು.

ನಗು ಎಲ್ಲಿಂದ ಶುರುವಾಯಿತೋ ತಿಳಿಯದು. ಹಿಂದಿನಿಂದ ಮುಂದಕ್ಕೆ ಬಂತು. ಸಾಹುಕಾರರೂ ನಕ್ಕರು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕರು. ಆ ಹುಡುಗಿಯ ಕೈಗೆ ಒಂದು ಪೆನ್ನು ಬಹುಮಾನ ಕೊಟ್ಟು, ತಲೆ ಸವರಿ, ಕಾರು ಹತ್ತಿ ಹೋದರು. ನಾನು ಗೆದ್ದೆವು ಎಂದುಕೊಂಡೆ.

ಮರುದಿನ ಕೇರಿಯ ಹೆಂಗಸರು ಮಿಲ್ಲಿಗೆ ಹೋದರೆ ಗೇಟಿನವನು "ಇವತ್ತು ಕೆಲಸ ಕಮ್ಮಿ ಐತ್ರವ್ವ" ಎಂದ. ಅದರ ಮರುದಿನವೂ ಅದೇ. ಸುಗ್ಗಿಯ ಕಾಲ ಅದು. ಲಾರಿಗಳು ಭತ್ತ ಹೊತ್ತು ಸಾಲುಗಟ್ಟಿ ನಿಂತಿದ್ದವು. ಬೆಂದ ಭತ್ತವನ್ನು ಕಣದಲ್ಲಿ ಹರವಿ ಕಾಲಿನಿಂದ ಕೆದಕುವ ಹೆಂಗಸರು ಹಗಲಿಡೀ ಬೇಕು. ಅವರನ್ನು ಬೇರೆ ಊರಿನಿಂದ ಟ್ರ್ಯಾಕ್ಟರಿನಲ್ಲಿ ತರಿಸಿದರು. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಕೆಲಸ. ಯಾರ ಮೇಲೆ ದೂರು ಕೊಡುವುದು? ಕೆಲಸ ಕಮ್ಮಿ ಇದೆ ಅನ್ನುವುದು ಯಾವ ಕಾನೂನಿನಲ್ಲಿ ತಪ್ಪು? ನಾನು ತಾಲ್ಲೂಕಿನ ಕಚೇರಿಗೆ ಹೋದರೆ ಅಲ್ಲಿನ ಸಾಹೇಬರು ಚಹಾ ತರಿಸಿದರು. ಚಹಾ ಕುಡಿದು ಬಂದೆ.

ಕೇರಿ ಮೊದಮೊದಲು ಹುಲಿಗಿಯ ಬೆನ್ನು ತಟ್ಟಿತ್ತು. ಡಬ್ಬಿಯಲ್ಲಿ ಅಕ್ಕಿ ಇಳಿಯುತ್ತಿದ್ದಂತೆ ತಟ್ಟುವ ಕೈ ತಿರುಗಿತು. ನಳದ ಹತ್ತಿರ ಅವಳ ಕೊಡವನ್ನು ಸರಿಸಿ ಹಿಂದಿಟ್ಟರು. "ನಮ್ಮ ಮಕ್ಕಳ ಬಾಯಿಗೆ ಇತಿಹಾಸ ತುರುಕ್ತೀಯೇನಲೇ?" ಎಂದು ಅವಳ ಸೋದರತ್ತೆಯೇ ಕೇಳಿದಳು. ಗಂಗಮ್ಮ ಮಗಳ ತೋಳಿಗೆ ಒಂದು ದಿನ ಬಾಸುಂಡೆ ಬರುವಂತೆ ಹೊಡೆದಳು. ಹುಲಿಗಿ ಅಂಗಿಯ ತೋಳು ಸರಿಸಿ ನನಗೆ ತೋರಿಸಿದಳು. "ಪರವಾ ಇಲ್ರಿ ಟೀಚರ್. ತಾತನ ಕಾಲಕ್ಕೆ ಒಂದು ಮಳಿಗಾಲ ತಡಕೊಂಡ್ರು. ನಾವೂ ತಡಕೋತೀವಿ" ಎಂದಳು. ನಾನು ಕಲಿಸಿದ್ದನ್ನೇ ನನಗೆ ಒಪ್ಪಿಸುತ್ತಿದ್ದಳು. ಆದರೆ ಅಂದಿನ ಊರಿಗೆ ನಾಟಿಗೆ ಅದೇ ಕೈ ಬೇಕಿತ್ತು. ಇಂದಿನ ಸಾಹುಕಾರರಿಗೆ ಟ್ರ್ಯಾಕ್ಟರು ಇತ್ತು.

ಸಂಕ್ರಾಂತಿಯ ಹೊತ್ತಿಗೆ ಕೇರಿಯ ನಾಲ್ವರು ಹಿರಿಯರು ಸಾಹುಕಾರರ ಅಂಗಳಕ್ಕೆ ಹೋದರು. ಸಾಹುಕಾರರು ಅವರಿಗೆ ಚಾಪೆ ಹಾಸಿಸಿದರು. ತನಗೆ ಯಾರ ಮೇಲೂ ಸಿಟ್ಟಿಲ್ಲ ಎಂದರು. ಹೊಸ ಬಾಯ್ಲರು ತರಿಸಿದ್ದೇನೆ, ಅದರ ಪೂಜೆ ಇದೆ, ಆ ದಿನ ದುರುಗಪ್ಪ ಬಂದು ಮಿಲ್ಲಿನ ಬಾಗಿಲಲ್ಲಿ ಹಲಗೆ ಬಡಿದರೆ ಊರಿಗೂ ಚೆಂದ, ತನಗೂ ಸಮಾಧಾನ ಎಂದರು. ಮರುದಿನದಿಂದ ಹೆಂಗಸರು ಕೆಲಸಕ್ಕೆ ಬರಬಹುದು.

ಹಿರಿಯರು ದುರುಗಪ್ಪನ ಮುಂದೆ ಬಂದು ಕುಳಿತು ಬಾಯಿ ಬಿಡಲಾರದೆ ನೆಲ ಗೀರಿದರಂತೆ. ಅವನೇ ಕೇಳಿದನಂತೆ. ಕೇಳಿ, "ಬಡೀತೀನಿ ತಗೋರಿ" ಅಂದನಂತೆ. ಹುಲಿಗಿ ತಾತನ ಕಾಲು ಹಿಡಿದು ಹೊರಳಾಡಿದಳು. "ಬ್ಯಾಡ ತಾತ, ನಾನು ಸಾಲಿ ಬಿಟ್ಟು ಕೂಲಿಗೆ ಹೋಕ್ಕೀನಿ" ಎಂದಳು. ಅವನು ಕಾಲು ಬಿಡಿಸಿಕೊಂಡು, ಎಮ್ಮಿಗನೂರಿನ ತನ್ನ ತಂಗಿಯ ಮಕ್ಕಳಿಂದ ಒಂದು ಹಲಗೆ ತರಿಸಿದ. ಅಲ್ಲಿಯವರು ತಮ್ಮವರ ಸಾವಿಗೆ ಇನ್ನೂ ಹಲಗೆ ಬಡಿಯುತ್ತಾರೆ.

ಪೂಜೆಗೆ ಶಾಲೆಯ ಸಿಬ್ಬಂದಿಗೆಲ್ಲ ಆಮಂತ್ರಣವಿತ್ತು. ನಾನು ಹೋಗಬಾರದೆಂದು ನಿರ್ಧರಿಸಿದ್ದೆ. ಹುಲಿಗಿ ಗೇಟಿನ ಹೊರಗೆ ಒಬ್ಬಳೇ ನಿಂತಿದ್ದಾಳೆ ಎಂದು ಯಾರೋ ಹೇಳಿದ್ದರಿಂದ ಹೋದೆ. ಬಾಯ್ಲರಿನಿಂದ ಬೆಂದ ಭತ್ತದ ಹಬೆ ಏಳುತ್ತಿತ್ತು. ಮಾವಿನ ತೋರಣ, ಕುಂಬಳಕಾಯಿ, ಪುರೋಹಿತರು, ಶಾಮಿಯಾನ. ದುರುಗಪ್ಪ ಬಿಳಿಯ ಅಂಗಿ ಹಾಕಿ ಬಂದ. ಒಣಹುಲ್ಲಿಗೆ ಬೆಂಕಿ ಹಚ್ಚಿ ಹಲಗೆಯನ್ನು ಕಾಸಿದ. ಬೆರಳಿನಿಂದ ತಟ್ಟಿ ಕಿವಿಗೊಟ್ಟ. ಆಮೇಲೆ ಬಾಗಿಲಿಗೆ ನೇರ ಎದುರಾಗಿ ನಿಂತು ಬಡಿಯತೊಡಗಿದ.

ಬಾಗಿದ ಬೆನ್ನು ನೆಟ್ಟಗಾಗಿತ್ತು. ನಿಧಾನದ ಪೆಟ್ಟು, ನಡುವೆ ನಿಲುಗಡೆ, ಮತ್ತೆ ಪೆಟ್ಟು. ಎಷ್ಟೋ ವರ್ಷ ಮುಟ್ಟದ ಕೈ ಎಲ್ಲಿಯೂ ತಪ್ಪಲಿಲ್ಲ. ಸಾಹುಕಾರರ ಮಂದಿ ಮೊಬೈಲು ಎತ್ತಿ ಹಿಡಿದರು. ಅವರ ಕಡೆ ಮದುವೆಗೂ ಹೆಣಕ್ಕೂ ಬ್ಯಾಂಡ್ ಸೆಟ್ ಬಂದು ಎರಡು ತಲೆಮಾರಾಗಿತ್ತು. "ಮಸ್ತ್ ಬಡೀತಾನ ಮುದುಕ" ಎಂದು ಹುಡುಗರು ತಲೆದೂಗಿದರು. ಕೇರಿಯ ಮುದುಕಿಯರು ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದರು. ನಾಚಿಕೆಯಿಂದ ಎಂದುಕೊಂಡೆ ನಾನು. ಸಾಹುಕಾರರು ದುರುಗಪ್ಪನಿಗೆ ಶಾಲು ಹೊದಿಸಿ, ತಮ್ಮ ಪಕ್ಕಕ್ಕೆ ನಿಲ್ಲಿಸಿಕೊಂಡು ಫೋಟೋ ತೆಗೆಸಿದರು.

ಹುಲಿಗಿ ಗೇಟಿನ ಸರಳು ಹಿಡಿದು ನೋಡುತ್ತಿದ್ದಳು. ನಾನು ಭುಜ ಮುಟ್ಟಿದರೆ ಕೈ ಕೊಡವಿದಳು. "ಟೀಚರ್, ನೀವು ಹೇಳಿದ ಪಾಠ ಸುಳ್ಳು ಐತಿ. ಒರಸಿಬಿಡ್ರಿ" ಎಂದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಅವಳು ತಾತನ ಜೊತೆ ಮಾತು ಬಿಟ್ಟಳು. ಮನತುಂಬ ಪ್ರೀತಿಸಿದ ಮಕ್ಕಳು ಮುನಿದರೆ ಎಷ್ಟು ಕ್ರೂರಿಗಳಾಗಬಲ್ಲರು ಎಂಬುದನ್ನು ನಾನು ಆ ಮನೆಯಲ್ಲಿ ಕಂಡೆ. ತಾತ ಎನ್ನುವುದು ಹೋಗಿ 'ಆ ಮುದುಕ' ಆಯಿತು. ಅವನು ಉಣ್ಣಲು ಕುಳಿತರೆ ತಟ್ಟೆ ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ಸಂಜೆಯ ಚಹಾ ನಿಂತಿತು. ಸಾಹುಕಾರರು ಹೊದಿಸಿದ ಶಾಲನ್ನು ಹೊಸ್ತಿಲಲ್ಲಿ ಹಾಸಿ ಅದರ ಮೇಲೆ ಕಾಲೊರೆಸಿದಳು. ಅವನು ನೋಡುತ್ತಲೇ ಇದ್ದ, ನಗುತ್ತಲೇ ಇದ್ದ.

ಒಮ್ಮೆ ನಾನು ಹೋಗಿ, "ತಾತ, ಅಕಿಗೆ ಒಂದು ಮಾತು ಹೇಳು. ಹೆಂಗಸರ ಹೊಟ್ಟೆಗಾಗಿ ಮಾಡಿದೆ ಅಂತನಾದರೂ ಹೇಳು" ಎಂದೆ.

"ಬಿಡ್ರಿ ಟೀಚರ್" ಎಂದ. "ಸಿಟ್ಟಿನ ಕೂಸು. ಸಿಟ್ಟು ಇದ್ರ ಚಲೋ ಓದ್ತಾಳ. ಪರೀಕ್ಷಿ ಮುಗೀಲಿ."

ಪರೀಕ್ಷೆ ಮುಗಿಯುವವರೆಗೆ ಅವನು ಇರಲಿಲ್ಲ. ಮಾರ್ಚಿನ ಬಿಸಿಲಿಗೆ ಮಲಗಿದವನು ಏಳಲಿಲ್ಲ. ಶಾಲೆಗೆ ಓದುವ ರಜೆ ಕೊಟ್ಟಿದ್ದ ಸಮಯ. ಒಂದು ಮಧ್ಯಾಹ್ನ ಗಂಗಮ್ಮ ಮಿಲ್ಲಿನ ಕಣದಲ್ಲಿದ್ದಾಗ ಹೋದ. ಮನೆಯಲ್ಲಿ ಹುಲಿಗಿ ಒಬ್ಬಳೇ ಓದುತ್ತಾ ಕುಳಿತಿದ್ದಳು.

ನಾನು ಹೋದಾಗ ಅವನನ್ನು ಮನೆಯ ಮುಂದೆ ಗೋಡೆಗೆ ಒರಗಿಸಿ ಕೂಡಿಸಿದ್ದರು. ಕೇರಿಯಲ್ಲಿ ಸಾವಿಗೆ ಭಜನೆ ಮಾಡುವುದು ವಾಡಿಕೆ. ಆದರೆ ತನಗೆ ಹಲಗೆ ಬೇಕು ಎಂದು ಅವನು ಗಂಗಮ್ಮನ ಹತ್ತಿರ ಹೇಳಿಟ್ಟಿದ್ದನಂತೆ. ಎಮ್ಮಿಗನೂರಿನ ತಂಗಿಯ ಮಕ್ಕಳು ಬಂದು ಹುಲ್ಲಿಗೆ ಬೆಂಕಿ ಹಾಕಿ ಕಾಸುತ್ತಿದ್ದರು. ಹುಲಿಗಿ ಬಾಗಿಲ ಬದಿಗೆ ಬೆನ್ನು ತಿರುಗಿಸಿ ನಿಂತಿದ್ದಳು. ಅಷ್ಟರಲ್ಲಿ ಬಸಣ್ಣ ಸಾಹುಕಾರರು ಕಾರು ಇಳಿದು, ಕೈಯಲ್ಲಿ ಹೂವಿನ ಹಾರ ಹಿಡಿದು ಬಂದರು. ಒಳಗೆ ಬರಲಿಲ್ಲ. ನನ್ನ ಪಕ್ಕದಲ್ಲಿ ನಿಂತರು. ದೊಡ್ಡವರ ಮುಖದಲ್ಲಿ ಇರಬೇಕಾದಷ್ಟು ದುಃಖ ಅವರ ಮುಖದಲ್ಲಿತ್ತು.

ಹಲಗೆ ಶುರುವಾಯಿತು. ನಿಧಾನದ ಪೆಟ್ಟು, ನಡುವೆ ನಿಲುಗಡೆ, ಮತ್ತೆ ಪೆಟ್ಟು.

ಸಾಹುಕಾರರು ತಲೆದೂಗಿದರು. "ಇದೇ ಅಲ್ಲೇನ್ರಿ ಮೇಡಂ, ನಮ್ಮ ಬಾಯ್ಲರ್ ಪೂಜಿಗೆ ದುರುಗಪ್ಪ ಬಡದದ್ದು? ಭಾಳ ಮಸ್ತ್ ಬಡದಿದ್ದ. ಇದೇ..."

ಅಲ್ಲಿಗೆ ಅವರ ಬಾಯಿ ನಿಂತಿತು. ಅವರು ಗೋಡೆಗೊರಗಿದ ಹೆಣವನ್ನು ನೋಡಿದರು, ಹಲಗೆಯನ್ನು ನೋಡಿದರು. ಸುತ್ತ ಕುಳಿತ ಮುದುಕಿಯರು ಅವರನ್ನೇ ನೋಡುತ್ತಿದ್ದರು. ಯಾರ ಮುಖದಲ್ಲೂ ನಗುವಿರಲಿಲ್ಲ. ಎಂದೋ ಸದ್ದಿಲ್ಲದೆ ಹೋದ ಆ ಮನೆಯ ಹೆಣಕ್ಕೆ ಬಡಿಯದೆ ಉಳಿದಿದ್ದ ಸಾವಿನ ಹಲಗೆಯನ್ನು ದುರುಗಪ್ಪ ಅವರ ಮಂಗಳಕಾರ್ಯದ ದಿನ, ಅವರ ಬಾಗಿಲಿಗೆ ಮುಖ ಮಾಡಿ, ಅವರೇ ಹೊದಿಸಿದ ಶಾಲಿನ ಗೌರವದೊಂದಿಗೆ ಬಡಿದು ಮುಗಿಸಿದ್ದ. ಸಾಹುಕಾರರು ಹಾರವನ್ನು ನನ್ನ ಕೈಗೆ ತುರುಕಿ ಕಾರಿನ ಕಡೆ ನಡೆದರು.

ಹುಲಿಗಿ ತಿರುಗಿ ನಿಂತಿದ್ದಳು. ಆ ಮಾತು ಅವಳಿಗೂ ಕೇಳಿಸಿತ್ತು. ಸಾವಿನ ಹಲಗೆಯನ್ನು ಎಂದೂ ಕೇಳದ ಕೇರಿಯಲ್ಲಿ ಹುಟ್ಟಿದ ಹುಡುಗಿ ಅದು. ಅವ್ವನ ಹತ್ತಿರ ಹೋಗಿ ಮಂಡಿಯೂರಿದಳು.

"ನಿನಗ ಗೊತ್ತಿತ್ತೇನವ್ವಾ?"

"ಹ್ಞೂಂ."

"ನನಗ್ಯಾಕ ಹೇಳಲಿಲ್ಲ?"

ಗಂಗಮ್ಮ ಮಗಳನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ತಾತನೇ ಬ್ಯಾಡ ಅಂದ. ಅಕಿಗೆ ಹೇಳಿದ್ರ ಸಾಲ್ಯಾಗ ಹೇಳ್ತಾಳ, ಟೀಚರ್ ಕಿವಿಗೆ ಬಿದ್ರ ಪಾಠ ಆಗ್ತತಿ, ಹೆಂಗಸ್ರು ಮತ್ತ ಮನ್ಯಾಗ ಕುಂದರ್ತಾರ. ಅಕಿ ನನ್ನ ಬೈಲಿ, ನಾ ತಡಕೋತೀನಿ ಅಂದ."

ಗಂಗಮ್ಮನ ಕಡೆ ನೋಡುವ ಧೈರ್ಯ ನನಗೆ ಬರಲಿಲ್ಲ. ಪಾಠ ಮಾಡಿದ್ದು ತಪ್ಪು ಎಂದು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಆದರೆ ಆ ಮಾತು ಇವತ್ತಿಗೂ ಎದೆಯಲ್ಲಿ ಮುಳ್ಳಾಗಿ ಕೂತಿದೆ.

ಸಾಹುಕಾರರು ಹೆಂಗಸರನ್ನು ಕೆಲಸದಿಂದ ಬಿಡಿಸುತ್ತಾರೆ ಎಂದು ಎಲ್ಲರೂ ಹೆದರಿದ್ದರು. ಬಿಡಿಸಲಿಲ್ಲ. ಯಾಕೆ ಬಿಡಿಸಿದಿರಿ ಎಂದು ಊರು ಕೇಳಿದರೆ ಏನು ಹೇಳುವುದು? ಹಳೆಯ ಅಡ್ಡಹೆಸರಿಗೆ ಹೊಸದೊಂದು ಬಾಲ ಸೇರುತ್ತಿತ್ತು. ಹಂಪಿಯ ಕಡೆಯಿಂದ ಪುರೋಹಿತರನ್ನು ಕರೆಸಿ ಗುಟ್ಟಾಗಿ ಶಾಂತಿ ಮಾಡಿಸಿದರಂತೆ. ಶಾಂತಿ ಮಾಡಿಸಿದ ಕಣವನ್ನು ಸಾರಿಸಿದವರು ಕೇರಿಯ ಹೆಂಗಸರೇ, ಹಾಗಾಗಿ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ಕೇರಿ ಮಾತ್ರ ಹೊರಗೆ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ವರ್ಗವಾಗಿ ಹೊಸಪೇಟೆಗೆ ಬಂದ ಮೇಲೂ ಪ್ರತಿ ಜೂನಿನಲ್ಲಿ ಆ ಕಥೆಯನ್ನು ನಾಟಿಯವರೆಗೆ ಹೇಳಿ ನಿಲ್ಲಿಸುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಗೆದ್ದವರು ಯಾರು ಎಂದು ಈಗ ಕೇಳುವುದಿಲ್ಲ.

ಕಳೆದ ತಿಂಗಳು ಆ ಬಸ್ಸಿನಿಂದ ಕಂಪ್ಲಿಯಲ್ಲಿ ಇಳಿದುಬಿಟ್ಟೆ. ಬಸಣ್ಣ ಸಾಹುಕಾರರ ಮಿಲ್ಲು ಇರಲಿಲ್ಲ. ಅಣ್ಣತಮ್ಮಂದಿರ ಪಾಲಿನಲ್ಲಿ ಮಾರಿದ್ದರಂತೆ. ಕಣದ ಮೇಲೆ ಕಲ್ಯಾಣ ಮಂಟಪ ಎದ್ದಿತ್ತು. ನಾತ ಬಂದದ್ದು ಬೇರೆ ಮಿಲ್ಲಿನದು. ಕೇರಿಯ ಹೆಂಗಸರು ಬೇರೆ ಬೇರೆ ಕಡೆ ಕೆಲಸ ಹಿಡಿದಿದ್ದರು. ಬಾಯಿ ಕಟ್ಟಿಕೊಂಡಿರಲು ಈಗ ಯಾರಿಗೂ ಕಾರಣವಿರಲಿಲ್ಲ. ಅಲ್ಲಿಂದಲೇ ಹುಲಿಗಿಗೆ ಫೋನು ಮಾಡಿದೆ. ಬಳ್ಳಾರಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ತಾತನ ಕಥೆಯನ್ನು ಪೂರ್ತಿಯಾಗಿ ಬರೆಯಲೇ ಎಂದು ಕೇಳಿದೆ.



"ಬರೀರಿ ಟೀಚರ್" ಎಂದಳು. "ಆದ್ರ ಪೂರ್ತಿ ಬರೀರಿ. ತಾತ ಹೋದ ದಿನ ಮಧ್ಯಾಹ್ನ ಅವನು ನೀರು ಕೇಳಿದ. ನಿನ್ನ ಸಾಹುಕಾರನ್ನ ಕೇಳು, ಕೊಡ್ತಾನ ಅಂದೆ. ನಕ್ಕ. ಅದನ್ನೂ ಬರೀರಿ."